ಗೀರೋ ಬಿರುಕೋ

ಮಾರ್ಚ್ 3

ಮಾವನವರಿಗೆ ಅಳಿಯನ ನಮಸ್ಕಾರ.

ಫೋನಿನಲ್ಲಿ ನಾನು ‘ಕ್ಷೇಮವೇ?’ ಎಂದರೆ ನೀವು ‘ನಾಳೆಯೇ?’ ಎಂದು ಕೇಳುತ್ತೀರಿ. ಮೂವತ್ತೈದು ವರ್ಷ ಗಾಜು ಕೊರೆಯುವ ಯಂತ್ರದ ಪಕ್ಕ ಕುಳಿತ ಕಿವಿಯನ್ನು ದೂರಿ ಫಲವಿಲ್ಲ. ಅದಕ್ಕೇ ಈ ಕಾಗದ. ಕೆಲಸದ ವಿಷಯ ಒಂದನ್ನು ಕೇಳಬೇಕಾಗಿದೆ. ಇಲ್ಲಿ ಯಾರನ್ನಾದರೂ ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎನ್ನುತ್ತಾರೆ. ನಿಮ್ಮ ಹತ್ತಿರ ಸಂಕೋಚವಿಲ್ಲ.

ನಮ್ಮಲ್ಲಿಗೆ ಬಿಲ್ಲೆಗಳ ಹೊಸ ಕೆಲಸ ಬಂದಿದೆ. ಅಂಗಿಯ ಗುಂಡಿಯಷ್ಟು ಅಗಲ, ಉಗುರಿನಷ್ಟು ದಪ್ಪ, ನೀರಿನ ಹಾಗೆ ತಿಳಿ. ಸಫೈರ್ ಎನ್ನುತ್ತಾರೆ. ವಜ್ರ ಬಿಟ್ಟರೆ ಇಷ್ಟು ಗಟ್ಟಿ ವಸ್ತು ನನ್ನ ಕೈಗೆ ಬಂದಿಲ್ಲ. ಒಂದೊಂದರಲ್ಲೂ ಕೂದಲಿಗಿಂತ ಸಣ್ಣ ಇನ್ನೂರು ತೂತು ಆಗಬೇಕು. ಉಸಿರಾಟದ ತೊಂದರೆಯಿರುವ ಕೂಸುಗಳಿಗೆ ಔಷಧಿಯನ್ನು ಮಂಜು ಮಾಡಿ ಕೊಡುವ ಯಂತ್ರದಲ್ಲಿ ಇದು ಕೂರುತ್ತದೆ. ತೂತುಗಳನ್ನು ನಾನು ನೇರಳಾತೀತ ಲೇಸರಿನಿಂದ ಕೊರೆಯುತ್ತೇನೆ. ಕೊರೆದ ದಿನ ಬಿಲ್ಲೆ ಸ್ವಚ್ಛವಾಗಿರುತ್ತದೆ. ತೊಳೆದು ಎರಡು ಮೂರು ದಿನ ಇಟ್ಟರೆ ಕೆಲವುಗಳ ಮೇಲೆ ಎಳೆಯಂಥ ಗೀರು. ಯಾವ ಉಪಕರಣವೂ ಮುಟ್ಟದ ಕಡೆ ಗೀರು ಎಲ್ಲಿಂದ ಬರಬೇಕು? ತೊಳೆಯುವವರ ಕೈಯಿಂದ ಇರಬಹುದೆಂದು ನನ್ನ ಊಹೆ. ನಿಮ್ಮ ಅನುಭವ ಏನು ಹೇಳುತ್ತದೆ?

ನಿಮ್ಮ ಮಗಳು ಚೆನ್ನಾಗಿದ್ದಾಳೆ. ಈಗ ನಮ್ಮ ಕಾರ್ಖಾನೆಯಲ್ಲೇ ತಪಾಸಣೆ ವಿಭಾಗದ ಪಾಳಿಗೆ ಹೋಗಿದ್ದಾಳೆ. ಅಪ್ಪನಿಗೆ ನಮಸ್ಕಾರ ತಿಳಿಸಿ ಎಂದಳು.

ನಿಮ್ಮ ಅಳಿಯ


ಮಾರ್ಚ್ 8
(ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡದ್ದು)

ಅಳಿಯನೇ,

ನಿನ್ನ ಕಾಗದವನ್ನು ಅಂಚೆಯವನಿಂದ ತೆಗೆದುಕೊಂಡು ನನ್ನ ಕೈಗೆ ಕೊಟ್ಟವಳೇ ನನ್ನ ಮಗಳು. ಫೆಬ್ರವರಿ ಇಪ್ಪತ್ತನಾಲ್ಕರಿಂದ ಅವಳು ಇಲ್ಲಿ, ಈ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾಳೆ. ರಜೆ ಹಾಕಿ ಬಂದಿದ್ದೇನೆ, ಅವರಿಗೆ ಗೊತ್ತು ಎಂದಳು. ನಂಬಿದೆ. ಈಗ ನೀನು ನೋಡಿದರೆ ಅವಳು ಪಾಳಿಗೆ ಹೋಗಿದ್ದಾಳೆ ಎಂದು ಬರೆಯುತ್ತೀಯ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಇಲ್ಲವೇ ನನಗೆ ಗೊತ್ತಿಲ್ಲದೆ ನನಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ.

ಕಾಗದವನ್ನು ಅವಳ ಮುಂದೆ ಹಿಡಿದು ಇದೇನು ಎಂದು ಕೇಳಿದೆ. ಎರಡು ಸಲ ಓದಿ ಮಡಚಿಟ್ಟಳು. “ನಾನು ಇಲ್ಲಿರೋದು ಬರೀಬೇಡ ಅಪ್ಪ. ಅವರಾಗೇ ಒಂದು ವಿಷಯ ಬರೀಬೇಕು. ಬರೀತಾರಾ ನೋಡೋಣ.” ಏನು ವಿಷಯ ಎಂದೆ. “ಅದನ್ನ ನಾನು ಹೇಳಿದ್ರೆ ಅವರು ಬರೆದ ಹಾಗಾಗಲ್ಲ” ಎಂದು ನನ್ನಿಂದ ಭಾಷೆ ತೆಗೆದುಕೊಂಡಳು. ಕೊಟ್ಟೂಬಿಟ್ಟೆ. ಹಾಗಾಗಿ ಈ ಕಾಗದ ನಿನಗೆ ಬರುವುದಿಲ್ಲ. ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತಿತ್ತು, ಅಷ್ಟೆ.


ಮಾರ್ಚ್ 9

ಅಳಿಯಂದಿರಿಗೆ ಆಶೀರ್ವಾದ.

ನಿಮ್ಮ ಕಾಗದ ಓದಿ ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಕಿಟಕಿಯ ಗಾಜಿಗೆ ದಿನವಿಡೀ ಬಿಸಿಲು ಬೀಳುತ್ತದೆ, ಇದುವರೆಗೆ ಒಂದು ತೂತೂ ಆಗಿಲ್ಲ. ಬೆಳಕು ತೂರಿಹೋಗುವ ವಸ್ತುವನ್ನು ಬೆಳಕೇ ಕೊರೆಯುತ್ತದೆ ಎಂದರೆ ಹೇಗೆ? ತಿಳಿಸಿ ಬರೆಯಿರಿ.

ನನ್ನ ಕಾಲದಲ್ಲಿ ಗಾಜು ಕೊರೆಯಲು ತಿರುಗುವ ತಾಮ್ರದ ಕೊಳವೆ, ಉಜ್ಜಲು ಹರಳಿನ ಪುಡಿ, ಮೇಲೆ ನೀರು. ಗಾಜು ಬಿಸಿಯಾಗಬಾರದು ಎನ್ನುವುದೊಂದೇ ಪಾಠ. ಬಿಸಿಯಾದ ಗಾಜು ಆ ಗಳಿಗೆಗೆ ಒಡೆಯುವುದಿಲ್ಲ. ಸಿಟ್ಟನ್ನು ನುಂಗಿಕೊಂಡವರ ಹಾಗೆ ಸುಮ್ಮನಿದ್ದು ಮೂರನೆಯ ದಿನ ಒಡೆಯುತ್ತದೆ. ನೀವು ಗೀರು ಎಂದು ಬರೆದಿದ್ದೀರಿ. ಗೀರು ಮೇಲಿನದು, ಬಿರುಕು ಒಳಗಿನದು. ಗೀರಿದ ಬಿಲ್ಲೆಗೆ ಅಂದ ಹೋಗುತ್ತದೆ. ಬಿರುಕು ಬಿಟ್ಟ ಬಿಲ್ಲೆ ಒಂದು ದಿನ ಚೂರು ಉದುರಿಸುತ್ತದೆ. ಇದು ಯಾವುದು ಎಂದು ಸರಿಯಾಗಿ ನೋಡಿದವರು ಯಾರು?

ಮಗಳಿಗೆ ಎಡ ದವಡೆಯ ಹಲ್ಲು ನೋಯುತ್ತಿತ್ತಲ್ಲ, ಈಗ ಹೇಗಿದೆ?

ಮಾವ


ಮಾರ್ಚ್ 16

ಮಾವನವರಿಗೆ ನಮಸ್ಕಾರ.

ನೀವು ಕೇಳಿದ್ದು ಸರಿಯಾದ ಪ್ರಶ್ನೆ. ನಾವು ಬಳಸುವುದು ನೇರಳೆ ಬಣ್ಣಕ್ಕಿಂತ ಆಚೆಗಿನ, ಕಣ್ಣಿಗೆ ಕಾಣದ ಬೆಳಕು. ಅದನ್ನು ಮಸೂರದಿಂದ ಒಂದು ಚುಕ್ಕಿಗೆ ಕೂಡಿಸಿ ಸೆಕೆಂಡಿಗೆ ಸಾವಿರಾರು ಸಲ ಮಿಡಿಸುತ್ತೇವೆ. ಆ ಚುಕ್ಕಿಯಲ್ಲಿ ಬೆಳಕು ಎಷ್ಟು ದಟ್ಟವಾಗಿರುತ್ತದೆಂದರೆ, ಬಿಲ್ಲೆ ಅದನ್ನು ದಾಟಿಸಲಾರದೆ ನುಂಗುತ್ತದೆ. ಅಷ್ಟು ಜಾಗ ಆವಿಯಾಗಿ ಹಾರಿಹೋಗುತ್ತದೆ. ಇನ್ನೊಂದು ವಿಚಿತ್ರ ಕೇಳಿ. ತೂತನ್ನು ನಾವು ತಳದಿಂದ ಮೇಲಕ್ಕೆ ಕೊರೆಯುತ್ತೇವೆ. ಬೆಳಕು ಮೇಲಿನಿಂದ ಹೊಕ್ಕು ಏನೂ ಮಾಡದೆ ತಳಕ್ಕೆ ಹೋಗಿ ಅಲ್ಲಿಂದ ಕೆಲಸ ಶುರು ಮಾಡುತ್ತದೆ, ಪುಡಿ ಕೆಳಕ್ಕೆ ಉದುರುತ್ತದೆ. ಇದರಲ್ಲಿ ಬಿಸಿ ಬಹಳ ಕಡಿಮೆ, ತಣ್ಣಗಿನ ಕೊರೆತ ಎಂದೇ ಪುಸ್ತಕಗಳಲ್ಲಿ ಬರೆದಿದೆ. ಆದ್ದರಿಂದ ನೀವು ಹೇಳಿದ ಕಾರಣ ಇದಕ್ಕೆ ಹೊಂದಲಿಕ್ಕಿಲ್ಲ.

ತಪಾಸಣೆಯವರು ಬಿರುಕು ಎನ್ನುತ್ತಾರೆ, ನಾನು ಗೀರು ಎನ್ನುತ್ತೇನೆ. ಸೂಕ್ಷ್ಮದರ್ಶಕದಲ್ಲಿ ಬೆಳಗ್ಗೆ ಹಾಗೆ ಕಂಡದ್ದು ಸಂಜೆ ಹೀಗೆ ಕಾಣುತ್ತದೆ. ನೋಡಿ ನೋಡಿ ನನಗೆ ಯಾವುದರ ಮೇಲೂ ನಂಬಿಕೆ ಉಳಿದಿಲ್ಲ. ನಮ್ಮ ಮೇಲಧಿಕಾರಿಯನ್ನು ಎಲ್ಲರೂ ಗಡಿಯಾರ ಎನ್ನುತ್ತೇವೆ, ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುತ್ತಾರೆ. ಅವರಿಗೆ ಗೀರಾದರೇನು, ಬಿರುಕಾದರೇನು, ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಹೊರಡಬೇಕು.

ಹಲ್ಲು ಕೀಳಿಸಿದೆವು. ನಾನೇ ಜೊತೆಗೆ ಹೋಗಿದ್ದೆ. ಈಗ ನೋವಿಲ್ಲ ಎನ್ನುತ್ತಾಳೆ.

ನಿಮ್ಮ ಅಳಿಯ


ಮಾರ್ಚ್ 20

ಅಳಿಯಂದಿರಿಗೆ ಆಶೀರ್ವಾದ.

ಹಲ್ಲಿನ ಸಮಾಚಾರ ತಿಳಿದು ಸಮಾಧಾನವಾಯಿತು. ಒಂದೂರಲ್ಲಿ ಕಿತ್ತ ಹಲ್ಲು ಇನ್ನೊಂದೂರಲ್ಲಿ ನೋಯುವುದೂ ಉಂಟು ಎಂದು ಈ ವಾರ ನನಗೆ ಗೊತ್ತಾಯಿತು.

ಪುಸ್ತಕ ಹೇಳಿದ್ದು ಒಂದು ತೂತಿಗೆ ಸರಿಯಿರಬಹುದು. ಇನ್ನೂರು ತೂತನ್ನು ಒಂದರ ಪಕ್ಕ ಒಂದರಂತೆ ಬಿಡುವಿಲ್ಲದೆ ಕೊರೆದರೆ ಒಂದೊಂದು ತೂತೂ ತನ್ನ ಸ್ವಲ್ಪ ಬಿಸಿಯನ್ನು ಪಕ್ಕದವನಿಗೆ ದಾಟಿಸಿ ಹೋಗುತ್ತದೆ. ಕೊನೆಗೆ ಬಂದವನ ತಲೆಯ ಮೇಲೆ ಎಲ್ಲರ ಭಾರ. ಅದಕ್ಕೇ ಕೊನೆಯ ಮೂರು ಸಾಲಿನಲ್ಲಿ ಹೆಚ್ಚು ಕಾಣುತ್ತಿದೆ. ಅದೂ ತೊಳೆದ ಮೇಲೆ, ಪಕ್ಕದಿಂದ ದೀಪ ಹಿಡಿದು ಓರೆಯಾಗಿ ನೋಡಿದಾಗ, ಒಂದು ತೂತಿನಿಂದ ಪಕ್ಕದ ತೂತಿಗೆ ಸೇತುವೆ ಕಟ್ಟಿದ ಹಾಗೆ. ತೊಳೆಯುವವರ ಕೈಯನ್ನು ದೂರುವುದು ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಒಂದು ತೂತು ಈ ಅಂಚಿನಲ್ಲಿ, ಮುಂದಿನದು ಆ ಅಂಚಿನಲ್ಲಿ, ಹೀಗೆ ಹಾರಿಸಿ ಹಾರಿಸಿ ಕೊರೆಯಿರಿ. ನಡುವೆ ಉಸಿರು ಬಿಡಲು ಹೊತ್ತು ಕೊಡಿ. ಆಮೇಲೆ ಏನು ಕಾಣುತ್ತದೆ ಎಂದು ಬರೆಯಿರಿ.

ಕೆಲಸದ್ದಲ್ಲದ ವಿಷಯ ಏನಾದರೂ ಇದ್ದರೆ ಅದನ್ನೂ ಬರೆಯಬಹುದು.

ಮಾವ


ಏಪ್ರಿಲ್ 2

ಮಾವನವರಿಗೆ ನಮಸ್ಕಾರ.

ನೀವು ಹೇಳಿದಂತೆ ಯಂತ್ರಕ್ಕೆ ಹೊಸ ಕ್ರಮ ಕೊಟ್ಟೆ. ಬೆಳಕಿನ ಬಲವನ್ನೂ ತಗ್ಗಿಸಿದೆ. ಒಂದು ಬಿಲ್ಲೆಗೆ ಎರಡು ಪಟ್ಟು ಹೊತ್ತು ಹಿಡಿಯಿತು, ಗಡಿಯಾರದವರು ಅಂದು ಮಣಿಕಟ್ಟಿನಿಂದ ಕಣ್ಣೇ ತೆಗೆಯಲಿಲ್ಲ. ಹನ್ನೆರಡು ಬಿಲ್ಲೆ ಕೊರೆದು, ತೊಳೆದು, ಐದು ದಿನ ಇಟ್ಟೆ. ಓರೆಯಾಗಿ ದೀಪ ಹಿಡಿದು ನೋಡಿದೆ. ಒಂದರಲ್ಲೂ ಏನೂ ಇಲ್ಲ. ಇದಕ್ಕೆ ಸಂತೋಷಪಡಬೇಕಿತ್ತು. ಆಗುತ್ತಿಲ್ಲ.

ನನ್ನ ತಲೆ ಕೆಡಿಸಿದ್ದು ನಿಮ್ಮ ಕಾಗದ. ಕೊನೆಯ ಮೂರು ಸಾಲು ಎಂದು ನಾನು ನಿಮಗೆ ಬರೆದಿರಲಿಲ್ಲ. ಓರೆಯಾಗಿ ದೀಪ ಹಿಡಿಯುವುದನ್ನೂ ಬರೆದಿರಲಿಲ್ಲ. ‘ಸೇತುವೆ’ ಎಂಬ ಮಾತನ್ನು ಈ ಕಾರ್ಖಾನೆಯಲ್ಲಿ ಆಡುವವರು ಒಬ್ಬರೇ. ಅವಳು ನಿಮ್ಮಲ್ಲಿದ್ದಾಳೆಯೇ? ಹೌದಾದರೆ ನನ್ನ ಕಾಗದಗಳನ್ನೆಲ್ಲ ನೀವಿಬ್ಬರೂ ಓದಿದ್ದೀರಿ, ಹಲ್ಲಿನದನ್ನೂ. ನನ್ನ ಮುಖ ಎಲ್ಲಿಡಲಿ? ಇಲ್ಲವಾದರೆ, ನಿಮ್ಮ ಮಗಳು ಐದು ವಾರದಿಂದ ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲವೆಂದು ಇಂದು ನಿಮಗೆ ತಿಳಿಸಿದಂತಾಯಿತು. ಗೆಳತಿಯ ಕೋಣೆಯಲ್ಲಿರುತ್ತೇನೆ, ಹುಡುಕಬೇಡಿ ಎಂದು ಚೀಟಿ ಬರೆದಿಟ್ಟು ಹೋದಳು. ಹುಡುಕಲಿಲ್ಲ. ಹುಡುಕಬೇಕಿತ್ತೋ ಏನೋ, ಅದೂ ತಿಳಿಯದು.

ಕಾರಣ ನನ್ನ ನಾಲಿಗೆ. ಫೆಬ್ರವರಿಯಲ್ಲಿ ಅವಳು ನನ್ನ ಒಂದು ಪೆಟ್ಟಿಗೆಗೆ ಬಿರುಕು ಎಂದು ಬರೆದು ಕೆಂಪು ಚೀಟಿ ಅಂಟಿಸಿದಳು. ಗಡಿಯಾರದವರು ಎಲ್ಲರ ಮುಂದೆ ನನ್ನನ್ನು ಕೇಳಿದರು. ನಾನು ಎಲ್ಲರ ಮುಂದೆ, “ಮನೇಲಿ ನನ್ನ ತಪ್ಪು ಹುಡುಕಿದ್ದು ಸಾಲದು ಅಂತ ಇಲ್ಲಿ ಸಂಬಳ ತಗೊಂಡು ಹುಡುಕ್ತಾಳೆ” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮರುದಿನ ಹೊರಟುಹೋದಳು.

ಅವಳಲ್ಲಿ ಕ್ಷಮೆ ಕೇಳಿದ್ದೇನೆಂದು ತಿಳಿಸಿ, ಅವಳು ಅಲ್ಲಿದ್ದರೆ.

ನಿಮ್ಮ ಅಳಿಯ


ಏಪ್ರಿಲ್ 7

ಅಳಿಯಂದಿರಿಗೆ ಆಶೀರ್ವಾದ.

ಇದ್ದಾಳೆ. ಮೊದಲ ದಿನದಿಂದಲೂ ಇಲ್ಲೇ ಇದ್ದಾಳೆ. ಭಾಷೆ ಕೊಟ್ಟು ಬಾಯಿ ಕಟ್ಟಿಸಿಕೊಂಡಿದ್ದೆ. ಈಗ ನೀವೇ ಕಂಡುಹಿಡಿದಿರಿ, ನನ್ನ ಮೇಲೆ ತಪ್ಪಿಲ್ಲ. ಸಾಲಿನ ಲೆಕ್ಕ, ದೀಪ, ಸೇತುವೆ ಎಲ್ಲ ಅವಳು ಹೇಳಿದ್ದು. ಹಾರಿಸಿ ಕೊರೆಯುವುದು ಮಾತ್ರ ನನ್ನದು.

ಕ್ಷಮೆಯ ಕಾಗದವನ್ನು ಅವಳಿಗೆ ಗಟ್ಟಿಯಾಗಿ ಓದಿದೆ. ಎಲ್ಲರೆದುರು ನೀವಾಡಿದ ಮಾತಿಗೆ ಬಂದಾಗ ನನ್ನ ಮುಖ ಬಿಸಿಯಾಯಿತು. ಇವಳದು ಆಗಲಿಲ್ಲ. ಓದಿ ಮುಗಿಸಿದ ಮೇಲೆ ಹಾಳೆಯ ಹಿಂಬದಿಯಲ್ಲಿ ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲ ಎಂದೆ.

“ಅಷ್ಟೇನಾ ಬರೆದಿರೋದು? ಆ ಮಾತಿಗೆ ನಾನು ಮನೆ ಬಿಟ್ಟು ಬರ್ತಿರಲಿಲ್ಲ ಅಪ್ಪ. ಅಂಥ ಮಾತಿಗೆ ನನ್ನ ಹತ್ರಾನೂ ಉತ್ತರ ಇತ್ತು.”

ಅಷ್ಟು ಹೇಳಿ ಬಟ್ಟೆ ಒಣಹಾಕಲು ಹೋದಳು. ಒಣಗಿದ ಬಟ್ಟೆಯನ್ನೇ ಮತ್ತೆ ಹಿಂಡಿ ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಗಂಡ ಹೆಂಡಿರ ಜಗಳ ಎಂದುಕೊಂಡಿದ್ದೆ, ಉಂಡು ಮಲಗಿದರೆ ಮುಗಿಯುವಂಥದ್ದು. ಈಗ ಅದೂ ಅಲ್ಲ ಎನ್ನುತ್ತಿದ್ದಾಳೆ. ಹಾಗಾದರೆ ಏನು? ಅವಳು ಹೇಳುವುದಿಲ್ಲ, ನೀವು ಬರೆಯುವುದಿಲ್ಲ, ನನಗೆ ಕಿವಿ ಕೇಳುವುದಿಲ್ಲ. ಮೂವರೂ ಸೇರಿ ಚೆನ್ನಾಗಿದ್ದೇವೆ. ಕೊರೆದವನಿಗೆ ಗೊತ್ತಿರುತ್ತದೆ ತೂತು ಎಲ್ಲಿದೆ ಎಂದು. ಯೋಚಿಸಿ ಬರೆಯಿರಿ.

ಮಾವ


ಏಪ್ರಿಲ್ 28

ಮಾವನವರಿಗೆ ನಮಸ್ಕಾರ.

ಮೂರು ವಾರ ಬರೆಯಲಿಲ್ಲ. ಬರೆಯುವ ಮೊದಲು ಮಾಡಬೇಕಾದ್ದಿತ್ತು. ಈ ಕಾಗದವನ್ನು ನೀವು ಓದಿ ಅವಳಿಗೂ ಕೊಡಿ.

ಆ ಕೆಂಪು ಚೀಟಿಯನ್ನು ಕಿತ್ತವನು ನಾನು. ಅವಳು ಅಂಟಿಸಿದ ಮರುದಿನ ಬೆಳಗ್ಗೆ ಪೆಟ್ಟಿಗೆಗಳನ್ನು ಒಯ್ಯುವ ವಾಹನ ಬಂದು ನಿಂತಿತ್ತು. ಬರೀ ಗೀರು, ಇವಳದು ಅತಿಯಾಯಿತು ಎಂದುಕೊಂಡು ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು ಪೆಟ್ಟಿಗೆಯನ್ನು ಒಳ್ಳೆಯವುಗಳ ಜೊತೆ ಕಳಿಸಿಬಿಟ್ಟೆ. ಯಾರೂ ನೋಡಲಿಲ್ಲ ಎಂದುಕೊಂಡೆ. ಅವಳು ಪಾಳಿಗೆ ಬಂದು ಖಾಲಿ ಕಪಾಟನ್ನು ನೋಡಿರಬೇಕು. ನನ್ನನ್ನು ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಹೇಳದೆ ಇರಲೂ ಅವಳಿಗೆ ಆಗಲಿಲ್ಲ. ಇದು ನನಗೆ ಹೊಳೆದದ್ದು ನಿಮ್ಮ ಹಿಂದಿನ ಕಾಗದ ಓದಿದ ಮೇಲೆಯೇ. ಅಲ್ಲಿಯವರೆಗೆ, ಆಡಿದ ಮಾತಿಗೆ ಮುನಿದು ಹೋದಳೆಂದೇ ನಂಬಿದ್ದೆ. ಹಾಗೆ ನಂಬುವುದು ಸುಲಭವೂ ಆಗಿತ್ತು.

ನಿಮ್ಮ ಉಪಾಯ ಫಲಿಸಿದ ದಿನವೇ ನನಗೆ ಒಂದು ಪ್ರಶ್ನೆ ಎದುರಾಗಿತ್ತು. ತೊಳೆಯುವವರ ಕೈಯಿಂದಾದ ಗೀರಾಗಿದ್ದರೆ, ನಾನು ಕೊರೆಯುವ ಕ್ರಮ ಬದಲಿಸಿದ್ದಕ್ಕೆ ಅದು ಯಾಕೆ ನಿಲ್ಲಬೇಕು? ನಿಂತಿತೆಂದರೆ ಅದು ಬಿರುಕು. ಬಿರುಕೆಂದರೆ ಆ ಪೆಟ್ಟಿಗೆ ತುಂಬ ಬಿರುಕು, ಕೂಸುಗಳ ಉಸಿರಿನ ದಾರಿಯಲ್ಲಿ ಕೂರುವುದಕ್ಕೆ ಹೊರಟದ್ದು.

ನಿಮ್ಮ ಕಾಗದ ಬಂದ ನಾಲ್ಕನೆಯ ದಿನ, ಹಿಂದೆ ಆ ಮಾತಾಡಿದ್ದ ಜಾಗದಲ್ಲೇ, ಅದೇ ಜನರ ಮುಂದೆ ಗಡಿಯಾರದವರಿಗೆ ಚೀಟಿ ಕೊಟ್ಟೆ. “ಇದನ್ನ ಕಿತ್ತವನು ನಾನು. ಅವಳು ನೋಡಿದ್ದು ಸರಿ” ಎಂದೆ. ಯಾರೂ ನಗಲಿಲ್ಲ. ಗಡಿಯಾರದವರು ಮೊದಲ ಬಾರಿಗೆ ಮಣಿಕಟ್ಟು ನೋಡದೆ ನನ್ನನ್ನು ನೋಡಿದರು.

ಇಬ್ಬರೂ ಯಂತ್ರ ಜೋಡಿಸುವವರ ಗೋದಾಮಿಗೆ ಹೋದೆವು. ಪೆಟ್ಟಿಗೆ ಸಿಕ್ಕಿತು. ಪೆಟ್ಟಿಗೆ ಬಂದ ದಿನ ಅಲ್ಲಿಯವರು ಮುಚ್ಚಳ ತೆಗೆದು ನೋಡಿ ಇಟ್ಟಿದ್ದರಂತೆ. ಇದರಿಂದ ಒಂದನ್ನೂ ಜೋಡಣೆಗೆ ಕೊಟ್ಟಿಲ್ಲ ಎಂದು ಗೋದಾಮಿನ ಹೆಂಗಸು ಪುಸ್ತಕ ತೋರಿಸಿದರು. ಎಣಿಸಿದೆವು. ಚೀಟಿಯ ಮೇಲೆ ಅವಳ ಕೈಬರಹದಲ್ಲಿ ನಲವತ್ತು ಎಂದಿದೆ. ಪೆಟ್ಟಿಗೆಯಲ್ಲಿ ಇದ್ದದ್ದು ಮೂವತ್ತೊಂಬತ್ತು. ಮೂರು ಸಲ ಎಣಿಸಿದರೂ ಮೂವತ್ತೊಂಬತ್ತು. ಆ ಹೆಂಗಸು ಕೊಟ್ಟಿಲ್ಲ ಎಂದೇ ಹೇಳುತ್ತಾರೆ, ನಾನೂ ತೆಗೆದಿಲ್ಲ. ಹಾಗಾದರೆ ಒಂದು ಎಲ್ಲಿ ಹೋಯಿತು? ಆ ದಿನಗಳಲ್ಲಿ ಜೋಡಿಸಿದ ನಾಲ್ಕು ಯಂತ್ರಗಳು ಒಂದು ಮಕ್ಕಳ ಆಸ್ಪತ್ರೆಗೆ ಹೋಗಿವೆ. ಮೂರನ್ನು ಬಿಚ್ಚಿ ನೋಡಿದೆವು, ಒಳ್ಳೆಯ ಬಿಲ್ಲೆಗಳು. ನಾಲ್ಕನೆಯದು ಒಂದು ಕೂಸಿಗೆ ಹಚ್ಚಿದೆ. ಬದಲಿ ಯಂತ್ರ ಬರುವವರೆಗೆ ಮುಟ್ಟುವಂತಿಲ್ಲ. ಇಂದು ಬಾಗಿಲ ಗಾಜಿನಿಂದ ನೋಡಿದೆ. ನನ್ನ ಮುಂಗೈಯಷ್ಟು ಉದ್ದದ ಮಗು. ಅದರ ಅಮ್ಮ ನಾನು ಯಾರೋ ಡಾಕ್ಟರು ಎಂದುಕೊಂಡು ಎದ್ದು ನಿಂತರು. ಕುಳಿತುಕೊಳ್ಳಿ ಎಂದು ಕೈಸನ್ನೆ ಮಾಡಿ ಅಲ್ಲಿಂದ ಸರಿದೆ.

ಲೇಸರ್ ಕೋಣೆಯ ಕೀಲಿ ತೆಗೆದುಕೊಂಡಿದ್ದಾರೆ. ವಿಚಾರಣೆ ಮುಗಿಯುವವರೆಗೆ ತೊಳೆಯುವ ವಿಭಾಗದಲ್ಲಿ ಹಾಕಿದ್ದಾರೆ. ಅದರ ಬೇಸರವಿಲ್ಲ. ಆ ಒಂದು ಬಿಲ್ಲೆ ಎಲ್ಲಿದೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿದೆ.

ನಿಮ್ಮ ಅಳಿಯ


ಮೇ 2

ಅಳಿಯನಿಗೆ,

ಈ ಕಾಗದ ನಿನ್ನ ಕೈ ಸೇರುವ ಮೊದಲೇ ವಿಷಯ ಸೇರಿರುತ್ತದೆ. ನಿನ್ನ ಕಾಗದ ಬಂದ ಗಳಿಗೆಯಲ್ಲೇ ಇವಳು ನಿಮ್ಮ ಗಡಿಯಾರದವರಿಗೆ ಫೋನ್ ಮಾಡಿದಳು. ನಾಲ್ಕನೆಯ ಯಂತ್ರದಲ್ಲೂ ಒಳ್ಳೆಯ ಬಿಲ್ಲೆಯೇ ಇತ್ತಂತೆ, ಕೂಸು ಚೆನ್ನಾಗಿದೆಯಂತೆ, ನೀವೆಲ್ಲ ಇನ್ನೂ ಹುಡುಕುತ್ತಿದ್ದಿರಂತೆ. ಫೋನಿನಲ್ಲಿ ಹೇಳದೆ ಉಳಿದದ್ದನ್ನು ಬರೆಯಬೇಕೆಂದು ಬರೆಯುತ್ತಿದ್ದೇನೆ.

ಈ ಸಲ ನಾನು ಓದುವ ಮೊದಲೇ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. ನಿಂತೇ ಓದಿದಳು. ಮೂವತ್ತೊಂಬತ್ತು ಎಂಬಲ್ಲಿಗೆ ಬಂದಾಗ ಗೋಡೆಗೆ ಕೈ ಕೊಟ್ಟಳು. ಒಳಗೆ ಹೋಗಿ ತನ್ನ ಚೀಲದ ತಳದಿಂದ ಕನ್ನಡಕ ಒರೆಸುವ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದಳು. ನಿನ್ನ ನಲವತ್ತನೆಯ ಬಿಲ್ಲೆ.

ನೀನು ಆ ಮಾತಾಡಿದ ಸಂಜೆಯೇ ಪೆಟ್ಟಿಗೆಯಿಂದ ಒಂದನ್ನು ತೆಗೆದುಕೊಂಡಿದ್ದಳಂತೆ, ನನಗೆ ತೋರಿಸಬೇಕೆಂದು. ಮರುದಿನ ಪೆಟ್ಟಿಗೆಯೇ ಮಾಯವಾಗಿತ್ತು. ಇಲ್ಲಿ ಬಂದು ಎರಡು ತಿಂಗಳಾದರೂ ಯಾಕೆ ತೋರಿಸಲಿಲ್ಲ ಎಂದು ಕೇಳಿದೆ. ತೋರಿಸಿದರೆ ಇದು ಯಾರ ಕೆಲಸ ಎಂದು ನಾನು ಕೇಳುತ್ತಿದ್ದೆನಂತೆ, ನಿನ್ನ ಹೆಸರು ಹೇಳಬೇಕಾಗುತ್ತಿತ್ತಂತೆ. ಆಮೇಲೆ ಇನ್ನೊಂದು ಮಾತು ಹೇಳಿದಳು. “ಒಂದು ವೇಳೆ ನೀನೂ ಗೀರು ಅಂದುಬಿಟ್ಟಿದ್ರೆ?”

ನಾನು ತಿಳಿದಿದ್ದೇ ಬೇರೆ. ಇವಳಿಗೆ ತಾನು ಸರಿ ಎಂದು ಗೊತ್ತಿದೆ, ನಿನ್ನನ್ನು ಪರೀಕ್ಷೆಗೆ ಹಚ್ಚಿ ಕುಳಿತಿದ್ದಾಳೆ ಎಂದುಕೊಂಡಿದ್ದೆ. ಇವಳಿಗೂ ಗೊತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ತನ್ನ ಕಣ್ಣನ್ನೇ ನಂಬದಾಗಿದ್ದಳು. ನೀನು ಅಲ್ಲಿ ಗೀರೋ ಬಿರುಕೋ ಎಂದು ಒದ್ದಾಡುತ್ತಿದ್ದಾಗ ಇವಳು ಹಿಂದಿನ ಕೋಣೆಯಲ್ಲಿ ಕುಳಿತು ಅದನ್ನೇ ಒದ್ದಾಡುತ್ತಿದ್ದಳು.

ಬಿಲ್ಲೆಯನ್ನು ಕಿಟಕಿಗೆ ಒಯ್ದು, ಭೂತಗನ್ನಡಿ ಹಿಡಿದು ಓರೆಯಾಗಿ ತಿರುಗಿಸಿದೆ. ಕೊನೆಯ ಸಾಲಿನಲ್ಲಿ ಮೂರು, ಅದರ ಹಿಂದಿನದರಲ್ಲಿ ಒಂದು. ಉಗುರು ಆಡಿಸಿದೆ, ಎಲ್ಲೂ ತಡೆಯಲಿಲ್ಲ, ಮೇಲ್ಮೈ ನುಣುಪು. ಇರುವುದೆಲ್ಲ ಒಳಗೆ. ಬಿರುಕೇ ಎಂದೆ. ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಕುರ್ಚಿಯ ಮೇಲೆ ಕುಳಿತು ಬಹಳ ಹೊತ್ತು ಅತ್ತಳು. ನೀನು ತಪ್ಪು ಮಾಡಿದ್ದೀಯ, ಸಣ್ಣ ತಪ್ಪಲ್ಲ. ಅದನ್ನು ನೀನೇ ಹೋಗಿ ಹೇಳಿದ್ದೀಯ, ಅದೂ ಸಣ್ಣದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಬರುವುದಿಲ್ಲ.

ನಾಡಿದ್ದು ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ಬಿಲ್ಲೆಯನ್ನು ತನ್ನ ಕೈಯಿಂದಲೇ ವಿಚಾರಣೆಯವರ ಮುಂದೆ ಇಡಬೇಕಂತೆ. ಅಲ್ಲಿಂದ ನಿನ್ನ ಮನೆಗೆ ಬರುತ್ತಾಳೋ, ಗೆಳತಿಯ ಕೋಣೆಗೆ ಹೋಗುತ್ತಾಳೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಚೀಲಕ್ಕೆ ಬಟ್ಟೆ ತುಂಬುತ್ತಾ ಒಂದೇ ಒಂದು ಮಾತು ಬರಿ ಎಂದಳು. ತೊಳೆಯುವ ವಿಭಾಗದಲ್ಲಿ ದಿನವಿಡೀ ಕೈ ಮದ್ದಿನ ನೀರಿನಲ್ಲಿರುತ್ತದಂತೆ, ವಾರದೊಳಗೆ ಚರ್ಮ ಸುಲಿಯುತ್ತದಂತೆ. ಕೈಗವಸನ್ನು ಅವರಾಗಿ ಕೊಡುವುದಿಲ್ಲವಂತೆ.

ಕೇಳಿ ತೆಗೆದುಕೊಳ್ಳಬೇಕಂತೆ.

ಮಾವ